ಯೋಗಿ ಬೆರಾ ಬರೆದ ತಮಾಷೆಯ ಸಾಲು: ಹಸ್ತಾಕ್ಷರ ಸಂಗ್ರಹದಲ್ಲಿ ನನ್ನ ಅನುಭವ

ಅಮೆರಿಕದ ಬೇಸ್‌ಬಾಲ್ ತಂಡ ನ್ಯೂಯಾರ್ಕ್ ಯಾಂಕೀಸ್‌ನ ಕ್ಯಾಚರ್ (ಬ್ಯಾಟರ್‌ನ ಹಿಂದೆ ಕುಳಿತು ಚೆಂಡು ಹಿಡಿಯುವವರು) ಯೋಗಿ ಬೆರಾ ಅವರ ಬರೀ ಸಹಿಯಿರುವ ಚೆಂಡುಗಳನ್ನು ಬಿಟ್ಟು, ಸಹಿಯ ಜೊತೆಗೆ ಅವರು ತಮಾಷೆಯ ಸಾಲನ್ನೂ ಬರೆದಿರುವ ವಸ್ತುಗಳನ್ನಷ್ಟೇ ಕೊಳ್ಳುತ್ತೇನೆ ಎಂದಾಗ ನ್ಯೂಜೆರ್ಸಿಯ ನನ್ನ ಸಂಗ್ರಾಹಕ ಮಿತ್ರರು ಯಾರೂ ಒಪ್ಪಲಿಲ್ಲ. ಬರಹ ಹೆಚ್ಚಿದಷ್ಟೂ ಸಂಶಯ ಹೆಚ್ಚು ಎಂಬುದು ಅವರ ವಾದ. ನಕಲಿಗಾರನು ಹೆಸರನ್ನು ತಿದ್ದಿ ತಿದ್ದಿ ಕಲಿತಿರುತ್ತಾನೆ, ಸಾಲನ್ನು ಅಷ್ಟು ಕಲಿತಿರುವುದಿಲ್ಲ ಎಂಬುದು ನನ್ನ ಲೆಕ್ಕ.

1955ರ ವರ್ಲ್ಡ್ ಸೀರೀಸ್‌ನ (ಬೇಸ್‌ಬಾಲ್‌ನ ವಾರ್ಷಿಕ ಅಂತಿಮ ಸರಣಿ) ಮೊದಲ ಪಂದ್ಯದಲ್ಲಿ ಎದುರಾಳಿ ಡಾಡ್ಜರ್ಸ್ ತಂಡದ ಜಾಕಿ ರಾಬಿನ್ಸನ್, ಓಟ ಪೂರ್ತಿಯಾಗುವ ಜಾಗವಾದ ಹೋಮ್ ಪ್ಲೇಟ್‌ಗೆ ನುಗ್ಗಿದಾಗ ಅಂಪೈರ್ ಬಿಲ್ ಸಮ್ಮರ್ಸ್ 'ಸೇಫ್', ಅಂದರೆ ಔಟ್ ಅಲ್ಲ, ಎಂದರು. ಬೆರಾ ಸಿಡಿದೆದ್ದು ಪ್ರತಿಭಟಿಸಿದರು. ಪಂದ್ಯವನ್ನು ಯಾಂಕೀಸ್ 6-5ರಿಂದ ಗೆದ್ದರೂ ಆ ತೀರ್ಪನ್ನು ಬೆರಾ ಒಪ್ಪಲೇ ಇಲ್ಲ. ದಶಕಗಳ ನಂತರವೂ ಅದೇ ಕ್ಷಣದ ಚಿತ್ರಗಳ ಮೇಲೆ 'ಹಿ ವಾಸ್ ಔಟ್' ಎಂದು ಬರೆದು ಸಹಿ ಮಾಡುತ್ತಿದ್ದ ಆ ಹುಡುಗಾಟವೇ ನನ್ನನ್ನು ಹಿಡಿದು ನಿಲ್ಲಿಸಿದ್ದು.

ಮೊದಮೊದಲು ಹಣ ಕೈಬಿಟ್ಟು ಹೋಯಿತು. ಒಬ್ಬ ವ್ಯಾಪಾರಿಯಿಂದ ಸುಮಾರು 200 ಡಾಲರ್ ಕೊಟ್ಟು ತಂದ ಚಿತ್ರ, ಸಹಿ ಅಸಲಿಯೇ ಎಂಬ ಪರಿಶೀಲನೆಯಲ್ಲಿ ತಿರಸ್ಕೃತವಾಯಿತು, ಶುಲ್ಕವೂ ಮರಳಲಿಲ್ಲ. ಆ ಬಳಿಕ ಖಚಿತವಾದ ಮಾದರಿಗಳನ್ನು ದೊಡ್ಡದಾಗಿ ಮುದ್ರಿಸಿಕೊಂಡು, ಭೂತಗನ್ನಡಿಯ ಕೆಳಗೆ ಪ್ರತಿ ಅಕ್ಷರದ ಆರಂಭ, ಒತ್ತಡ ಮತ್ತು ಲೇಖನಿ ಎತ್ತಿದ ಜಾಗಗಳನ್ನು ಹೋಲಿಸತೊಡಗಿದೆ. ನಕಲಿಯಲ್ಲಿ ಸಹಿ ಸರಾಗವಾಗಿ ಹರಿದು, ಸಾಲು ಮಾತ್ರ ಅಲ್ಲಲ್ಲಿ ತಡವರಿಸುತ್ತದೆ. 'ಔಟ್' ಪದದ ಒಂದು ಅಕ್ಷರದಲ್ಲಿ ನನಗೆ ಸಿಕ್ಕಿರುವ ಗುರುತನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನಕಲಿಗಾರರೂ ಇದನ್ನು ಓದುತ್ತಾರೆ.

ನಡುವೆ ಬೆರಾ ಅವರ ಹೆಸರಾಂತ ಮಾತು 'ಇಟ್ ಏಂಟ್ ಓವರ್ ಟಿಲ್ ಇಟ್ಸ್ ಓವರ್' (ಮುಗಿಯುವವರೆಗೂ ಮುಗಿದಿಲ್ಲ) ಎಂದು ಬರೆದ ಚೆಂಡುಗಳ ಮೇಲೂ ಪ್ರಯೋಗ ನಡೆಸಿದೆ. ಅಲ್ಲಿ ಅಕ್ಷರಕ್ಕಿಂತ ಚೆಂಡಿನ ಮೇಲೆ ಅಚ್ಚಾಗಿರುವ ಲೀಗ್ ಅಧ್ಯಕ್ಷರ ಹೆಸರಿನ ಮುದ್ರೆಯೇ ಹೆಚ್ಚು ನೆರವಾಯಿತು: ಬಾಬಿ ಬ್ರೌನ್ ಯಾಂಕೀಸ್ ಆಡುವ ಅಮೆರಿಕನ್ ಲೀಗ್‌ನ ಅಧ್ಯಕ್ಷರಾದದ್ದು 1984ರಲ್ಲಿ, ಅವರ ಹೆಸರು ಅಚ್ಚಾಗಿರುವ ಚೆಂಡಿಗೆ ಎಪ್ಪತ್ತರ ದಶಕದಲ್ಲಿ ಸಹಿ ಬಿತ್ತೆಂದು ಮಾರುವವನ ಮಾತನ್ನು ಮುಂದೆ ಕೇಳಬೇಕಾಗಿಲ್ಲ. ಮಾರ್ಕರ್ ಶಾಯಿ ಚೆಂಡಿನ ತೊಗಲಿನಲ್ಲಿ ಕ್ರಮೇಣ ಹರಡಿಕೊಂಡು ಅಕ್ಷರದ ಅಂಚನ್ನೇ ನುಂಗುವುದರಿಂದ, ನೀಲಿ ಬಾಲ್‌ಪೆನ್ನಿನ ಬರಹವಿಲ್ಲದ ಚೆಂಡನ್ನು ಈಗ ಮುಟ್ಟುವುದಿಲ್ಲ.

ಕಳೆದ ಸಲ ಪರಿಶೀಲನೆಗೆ ಕಳುಹಿಸಿದ ಏಳೆಂಟು ಚಿತ್ರಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ಅಸಲಿ ಎಂದು ಬಂದವು. ತಲಾ ನೂರೈವತ್ತರ ಆಸುಪಾಸಿನಲ್ಲಿ ಕೊಂಡವುಗಳಿಗೆ ಈಗ ಅದರ ಎರಡರಷ್ಟು ಕೇಳುತ್ತಿದ್ದಾರೆ. ಹಾಗೆ ಕೇಳುವವರಲ್ಲಿ ಅಂದು ಬೇಡವೆಂದ ಮಿತ್ರರೂ ಇದ್ದಾರೆ. ನಾನು ಕೊಡುತ್ತಿಲ್ಲ. 1955ರ ಆ ಪಂದ್ಯದಲ್ಲಿ ಯಾಂಕೀಸ್ ಪರ ಚೆಂಡೆಸೆದ ವೈಟಿ ಫೋರ್ಡ್ ಅವರ ಸಹಿಯೂ ಇರುವ ಅದೇ ಚಿತ್ರಕ್ಕಾಗಿ ಸುಮಾರು 500 ಡಾಲರ್ ಎತ್ತಿಟ್ಟುಕೊಂಡು ಹುಡುಕುತ್ತಿದ್ದೇನೆ.