‘ಕ್ವೈದಾನ್’ ಡಿಸ್ಕನ್ನು ಆರಿಸಿ ಮನೆಯಲ್ಲಿ ನೋಡುವ ಬಗೆ

ಮಸಾಕಿ ಕೊಬಯಾಶಿ 1964ರಲ್ಲಿ ನಿರ್ದೇಶಿಸಿದ ‘ಕ್ವೈದಾನ್’ ಎಂಬ ಜಪಾನಿ ದೆವ್ವದ ಚಿತ್ರವನ್ನು ಬೆಳಗಾವಿಯ ಮನೆಯಲ್ಲಿ ಕುಳಿತು ಸರಿಯಾಗಿ ನೋಡಬೇಕೆನ್ನುವವರು ಎಲ್ಲಕ್ಕಿಂತ ಮೊದಲು ಗಮನಿಸಬೇಕಾದದ್ದು ಡಿಸ್ಕಿನ ಡಬ್ಬಿಯ ಹಿಂದೆ ಅಚ್ಚಾಗಿರುವ ಅವಧಿ. ಲಾಫ್ಕಾಡಿಯೋ ಹರ್ನ್ ಬರೆದ ನಾಲ್ಕು ಕಥೆಗಳನ್ನು ಆಧರಿಸಿದ ಈ ಚಿತ್ರದ ಪೂರ್ಣ ರೂಪ 183 ನಿಮಿಷಗಳದ್ದು. 1965ರ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಪಡೆದ ಚಿತ್ರವಾಗಿದ್ದರೂ ಅಮೆರಿಕದ ಚಿತ್ರಮಂದಿರಗಳಲ್ಲಿ ಅದರ ಎರಡನೆಯ ಕಥೆಯನ್ನು, ಅಂದರೆ ಹಿಮದ ಹೆಣ್ಣಿನ ಕಥೆಯನ್ನು, ಇಡಿಯಾಗಿ ತೆಗೆದು ತೋರಿಸಲಾಯಿತು. ಕ್ರೈಟೀರಿಯನ್ ಸಂಸ್ಥೆ 2000ರಲ್ಲಿ ಹೊರತಂದ ಡಿವಿಡಿಯಲ್ಲಿ ನಾಲ್ಕೂ ಕಥೆಗಳಿವೆ, ಆದರೆ ಅದು 161 ನಿಮಿಷಗಳ ರೂಪ. ಅದೇ ಸಂಸ್ಥೆಯ 2015ರ ಬ್ಲೂ-ರೇ ಮತ್ತು ಬ್ರಿಟನ್ನಿನ ಯುರೇಕಾ ಸಂಸ್ಥೆಯ 2020ರ ಬ್ಲೂ-ರೇ ಎರಡರಲ್ಲಿಯೂ 183 ನಿಮಿಷಗಳ ಚಿತ್ರವಿದೆ. ಹಳೆಯ ಡಿವಿಡಿ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿರೆಂದೇ ನನ್ನ ಸಲಹೆ. ಈ ಚಿತ್ರದ ಭಯವಿರುವುದು ಅದರ ನಿಧಾನದಲ್ಲಿ, ಆ ನಿಧಾನವನ್ನು ಕತ್ತರಿಸಿದರೆ ಉಳಿಯುವುದು ಬರಿಯ ಕಥಾಸಾರ.

ಎರಡನೆಯ ತೊಡಕು ರೀಜನ್ ಕೋಡಿನದು, ಅಂದರೆ ಯಾವ ವಲಯದ ಪ್ಲೇಯರಿನಲ್ಲಿ ಡಿಸ್ಕ್ ಓಡಬೇಕೆಂದು ಕಟ್ಟುಹಾಕುವ ಗುರುತಿನದು. ಬ್ಲೂ-ರೇ ಲೆಕ್ಕದಲ್ಲಿ ಭಾರತವು ಚೀನಾ, ರಷ್ಯಾಗಳೊಂದಿಗೆ ‘ಸಿ’ ವಲಯಕ್ಕೆ ಸೇರಿದೆ. ಅಮೆರಿಕ, ಜಪಾನ್ ‘ಎ’ ವಲಯದಲ್ಲಿವೆ, ಯುರೋಪ್ ‘ಬಿ’ ವಲಯದಲ್ಲಿದೆ. ಕ್ರೈಟೀರಿಯನ್ ಡಿಸ್ಕ್ ‘ಎ’ ವಲಯದ್ದು, ಯುರೇಕಾ ಡಿಸ್ಕ್ ‘ಬಿ’ ವಲಯದ್ದು. ಆದ್ದರಿಂದ ಖಡೇಬಜಾರಿನಲ್ಲಿಯೋ ಬೇರೆಲ್ಲಿಯೋ ಕೊಂಡ ಸಾಮಾನ್ಯ ಪ್ಲೇಯರಿನಲ್ಲಿ ಎರಡೂ ಓಡುವುದಿಲ್ಲ. ಡಿಸ್ಕಿಗೆ ಹಣ ಕಟ್ಟುವ ಮುನ್ನವೇ ಮಲ್ಟಿ ರೀಜನ್ ಪ್ಲೇಯರಿನ ಏರ್ಪಾಟು ಮಾಡಿಕೊಳ್ಳಬೇಕು, ಮತ್ತು ಕೊಳ್ಳುವಾಗ ಅಂಗಡಿಯವರನ್ನು ‘ಎಲ್ಲ ವಲಯದ ಡಿವಿಡಿ ಓಡುತ್ತದೆಯೇ’ ಎಂದಲ್ಲ, ‘ಎಲ್ಲ ವಲಯದ ಬ್ಲೂ-ರೇ ಓಡುತ್ತದೆಯೇ’ ಎಂದೇ ಕೇಳಬೇಕು. ಡಿವಿಡಿಯ ವಲಯವನ್ನು ರಿಮೋಟಿನ ಗುಂಡಿಗಳಿಂದಲೇ ಬಿಡಿಸಬಹುದಾದ ಪ್ಲೇಯರುಗಳು ಹಲವು ಇವೆ. ಬ್ಲೂ-ರೇ ವಲಯ ಅಷ್ಟು ಸುಲಭವಾಗಿ ಸಡಿಲಗೊಳ್ಳುವುದಿಲ್ಲ. ವಿದೇಶದಿಂದ ತರಿಸುವವರು ಅಂಚೆ ವೆಚ್ಚದ ಜೊತೆಗೆ ಸೀಮಾ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಟಿವಿಯ ವಿಷಯ. ಕೊಬಯಾಶಿ ಈ ಚಿತ್ರದ ಬಹುಭಾಗವನ್ನು ವಿಮಾನ ನಿಲ್ಲಿಸುವ ದೊಡ್ಡ ಶೆಡ್ಡಿನೊಳಗೆ ಕಟ್ಟಿದ ಸೆಟ್ಟುಗಳಲ್ಲಿ ಚಿತ್ರಿಸಿದರು. ಅದರ ಆಕಾಶ ಕುಂಚದಿಂದ ಬರೆದ ಆಕಾಶ, ಹಿಮದ ಹೆಣ್ಣಿನ ಕಥೆಯಲ್ಲಿ ಆ ಆಕಾಶದಿಂದ ಕಣ್ಣುಗಳು ನೋಡುತ್ತಿರುತ್ತವೆ. ಟಿವಿಯನ್ನು ‘ವಿವಿಡ್’ ಅಥವಾ ‘ಡೈನಾಮಿಕ್’ ಮೋಡಿನಲ್ಲಿಟ್ಟರೆ ಈ ಬಣ್ಣಗಳು ಕೆರಳಿ, ಬರೆದವರ ಕೈ ಮರೆಯಾಗುತ್ತದೆ. ‘ಸಿನೆಮಾ’ ಅಥವಾ ‘ಮೂವಿ’ ಮೋಡನ್ನು ಆರಿಸಿ, ಚಲನೆಯನ್ನು ನುಣುಪುಗೊಳಿಸುವ ಸೌಲಭ್ಯವನ್ನು ಪೂರ್ತಿ ಬಂದ್ ಮಾಡಬೇಕು. ಚಿತ್ರದ ಅಗಲ-ಎತ್ತರಗಳ ಅಳತೆ 2.35ಕ್ಕೆ 1 ಆಗಿರುವುದರಿಂದ ಪರದೆಯ ಮೇಲೂ ಕೆಳಗೂ ಕಪ್ಪು ಪಟ್ಟಿಗಳು ಬರುತ್ತವೆ. ಅವು ಬರಲೇಬೇಕು, ಜೂಮ್ ಮಾಡಿ ಅವನ್ನು ತುಂಬಿಸಲು ಹೋದರೆ ಎಡಬಲದಲ್ಲಿ ನಿಂತವರು ಚೌಕಟ್ಟಿನಿಂದ ಹೊರಬೀಳುತ್ತಾರೆ. ಮೂರನೆಯ ಕಥೆಯಲ್ಲಿ ಬಿವಾ ಎಂಬ ತಂತಿವಾದ್ಯ ನುಡಿಸುವ ಕುರುಡ ಹೊಯಿಚಿಯ ಮೈತುಂಬ ಪ್ರಜ್ಞಾಪಾರಮಿತಾ ಹೃದಯ ಸೂತ್ರವೆಂಬ ಬೌದ್ಧ ಪಠ್ಯವನ್ನು ಬರೆಯುವ ದೃಶ್ಯವಿದೆ. ವಿಜಯಪುರದ ಇಬ್ರಾಹಿಂ ರೋಜಾದ ಗೋಡೆಗಳಂತೆ ಅಕ್ಷರಗಳೇ ಹೊದಿಕೆಯಾಗುವ ಆ ದೇಹದ ಮೇಲೆ ಕುಂಚದ ಒಂದೊಂದು ಗೆರೆಯೂ ಸ್ಪಷ್ಟವಾಗಿ ಕಂಡರೆ ಟಿವಿಯ ಹೊಂದಾಣಿಕೆ ಸರಿಯಾಗಿದೆ ಎಂದು ತಿಳಿಯಬಹುದು.

ಆದರೆ ನಮ್ಮ ಊರಿನಲ್ಲಿ ಈ ಚಿತ್ರಕ್ಕೆ ದೊಡ್ಡ ಅಡ್ಡಿ ಬರುವುದು ಕಣ್ಣಿಗಲ್ಲ, ಕಿವಿಗೆ. ಸಂಗೀತ ನೀಡಿದ ತೊರು ತಾಕೆಮಿತ್ಸು ಮರ ಸೀಳುವ ಸದ್ದು, ತಂತಿಯ ಮಿಡಿತ, ಅವುಗಳ ನಡುವಿನ ದೀರ್ಘ ಮೌನ ಇವುಗಳಿಂದಲೇ ಭಯವನ್ನು ಕಟ್ಟಿದ್ದಾರೆ. ಮೊದಲ ಕಥೆಯಲ್ಲಿ ಹೆಂಡತಿಯನ್ನು ತೊರೆದುಹೋದ ಸಮುರಾಯ್ ಹಾಳುಬಿದ್ದ ಮನೆಗೆ ಮರಳಿದಾಗ ಸಹಜವಾಗಿ ಕೇಳಬೇಕಾದ ಸದ್ದುಗಳೇ ಕೇಳುವುದಿಲ್ಲ, ಅನಿರೀಕ್ಷಿತವಾದ ಸದ್ದುಗಳು ಕೇಳುತ್ತವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬೆಳಗಾವಿಯ ಮಳೆ ಹೆಂಚಿನ ಮೇಲೆ, ತಗಡಿನ ಮೇಲೆ ಬಿಡದೆ ಬಡಿಯುವಾಗ ಈ ಮೌನ ಕೇಳಿಸದು. ಮಳೆಗಾಲದ ರಾತ್ರಿಯೇ ದೆವ್ವದ ಚಿತ್ರಕ್ಕೆ ತಕ್ಕದ್ದೆಂಬ ಆಸೆ ಸಹಜವೇ ಆದರೂ ಈ ಒಂದು ಚಿತ್ರಕ್ಕಾಗಿ ಅದನ್ನು ಬದಿಗಿರಿಸಬೇಕು. ಗಣೇಶೋತ್ಸವವೂ ದೀಪಾವಳಿಯೂ ಮುಗಿದ ಮೇಲಿನ ಚಳಿಯ ರಾತ್ರಿ, ಓಣಿಯಲ್ಲಿ ಮದುವೆಯ ಡಾಲ್ಬಿ ಇಲ್ಲದ ದಿನ, ಪಡಸಾಲೆಯ ಕಿಟಕಿಗಳನ್ನು ಮುಚ್ಚಿ ಫ್ಯಾನನ್ನೂ ನಿಲ್ಲಿಸಿ ಕೂಡಬಹುದು. ಸೌಂಡ್‌ಬಾರಿನ ಸರೌಂಡ್ ಸೌಲಭ್ಯವನ್ನೂ, ಸಣ್ಣ ಸದ್ದನ್ನು ತಾನಾಗಿ ಏರಿಸುವ ‘ಆಟೋ ವಾಲ್ಯೂಮ್’ ಸೌಲಭ್ಯವನ್ನೂ ಬಂದ್ ಮಾಡಿಡಿ. ಮೂಲ ಧ್ವನಿ ಮೋನೋ, ಅಂದರೆ ಒಂದೇ ಚಾನೆಲಿನದು, ಅದು ಎದುರಿನಿಂದ ಬಂದರೆ ಸಾಕು.

ಸಬ್‌ಟೈಟಲ್ ಇಂಗ್ಲಿಷಿನಲ್ಲಿ ಮಾತ್ರ ಇದ್ದರೂ ಮನೆಯ ಹಿರಿಯರನ್ನು ಹೊರಗಿಡಬೇಕಾಗಿಲ್ಲ. ಒಂದೊಂದು ಕಥೆಯೂ ಸ್ವತಂತ್ರವಾಗಿರುವುದರಿಂದ, ಅದು ಶುರುವಾಗುವ ಮುನ್ನ ಡಿಸ್ಕನ್ನು ನಿಲ್ಲಿಸಿ, ಯಾರು ಯಾರಿಗೆ ಏನಾಗಬೇಕು, ಯಾರು ಯಾವ ಮಾತು ಕೊಟ್ಟಿದ್ದಾರೆ ಎಂಬಷ್ಟನ್ನು ಕನ್ನಡದಲ್ಲಿ ಹೇಳಿದರೆ ಸಾಕಾಗುತ್ತದೆ. ಕೊನೆಯನ್ನು ಹೇಳಬಾರದು, ಚಿತ್ರ ನಡೆಯುವಾಗ ಅನುವಾದವನ್ನೂ ಮಾಡಬಾರದು. ಹೊಯಿಚಿಯ ಕಥೆಗೆ ಮಾತ್ರ 1185ರ ದಾನ್-ನೊ-ಉರಾ ಕಡಲ ಕಾಳಗದಲ್ಲಿ ಹೈಕೆ ವಂಶ ತನ್ನ ಬಾಲ ಚಕ್ರವರ್ತಿಯೊಂದಿಗೆ ಮುಳುಗಿದ್ದನ್ನು ಮೊದಲೇ ತಿಳಿಸಬೇಕು, ಇಲ್ಲವಾದರೆ ರಾತ್ರಿ ಅವನ ಹಾಡು ಕೇಳಲು ಬರುವವರು ಯಾರೆಂದು ತಿಳಿಯದು. ಅದು ನಾಲ್ಕರಲ್ಲಿ ಅತಿ ದೀರ್ಘವಾದ ಕಥೆಯಾದ್ದರಿಂದ ಎರಡನೆಯದು ಮುಗಿದೊಡನೆ ಊಟಕ್ಕೆ ಏಳುವುದು ಒಳ್ಳೆಯದು. ಕರೆಂಟ್ ಹೋದರೆ ಕೆಲವು ಪ್ಲೇಯರುಗಳು ಡಿಸ್ಕನ್ನು ಮೊದಲಿನಿಂದಲೇ ಆರಂಭಿಸುತ್ತವೆ. ಟಿವಿ ಮತ್ತು ಪ್ಲೇಯರ್ ಎರಡನ್ನೂ ಇನ್ವರ್ಟರಿನ ಲೈನಿಗೆ ಸೇರಿಸಿಕೊಳ್ಳಿರಿ.

ಚಹಾ ಬಟ್ಟಲಿನೊಳಗೆ ಅಪರಿಚಿತನ ಮುಖ ಕಾಣುವ ನಾಲ್ಕನೆಯ ಕಥೆ ಲೇಖಕನೊಬ್ಬ ಮುಗಿಸದೆ ಬಿಟ್ಟ ಕಥೆಯ ಕುರಿತಾದದ್ದು. ಅದು ನಡುವೆಯೇ ಮುರಿದು ನಿಂತಾಗ ಡಿಸ್ಕ್ ಕೆಟ್ಟಿತೆಂದೋ ದೃಶ್ಯ ಕತ್ತರಿಸಿದ್ದಾರೆಂದೋ ಭಾವಿಸಿ ರಿಮೋಟಿಗೆ ಕೈ ಹಾಕಬೇಡಿರಿ. ಚಿತ್ರ ಇನ್ನೂ ಮುಗಿದಿರುವುದಿಲ್ಲ.