ಹಳೆಯ ಟೈಟಾನಿಯಂ ರೋಡ್ ಬೈಕ್: ಕಾಸರಗೋಡಿನ ಕಡಲ ಬದಿಯಲ್ಲಿ ಮತ್ತೆ ಕಟ್ಟುವುದು ಹೇಗೆ

ಕುಂಬಳೆಯಿಂದ ಬೇಕಲದವರೆಗೆ ಕಡಲ ಪಕ್ಕವೇ ಸೈಕಲ್ ತುಳಿಯುವವರಿಗೆ ಟೈಟಾನಿಯಂ ಫ್ರೇಮ್ ನಿಜಕ್ಕೂ ಒಳ್ಳೆಯ ಆಯ್ಕೆ. ಉಪ್ಪುಗಾಳಿಗೆ ಅದು ತುಕ್ಕು ಹಿಡಿಯುವುದಿಲ್ಲ. ಅದಕ್ಕೆ ಜೋಡಿಸಿದ ಅಲ್ಯೂಮಿನಿಯಂ ಭಾಗಗಳ ಕಥೆ ಬೇರೆ.

ಕೊಳ್ಳುವ ಮೊದಲು ಫ್ರೇಮ್ ತೊಳೆದು, ಟಾರ್ಚ್ ಹಿಡಿದು ವೆಲ್ಡ್‌ಗಳ ಅಂಚು ನೋಡಿ. ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ಕೂರುವ ಜಾಗ) ಸುತ್ತ, ಚೈನ್‌ಸ್ಟೇ (ಅಲ್ಲಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆ), ಸೀಟ್ ಟ್ಯೂಬಿನ ತುದಿ. ಸಣ್ಣ ಬಿರುಕು ಕಂಡರೂ ಬಿಟ್ಟುಬಿಡಿ. ಬಿರುಕು ಬೆಸೆಯುವುದು ಗೇಟು ಬೆಸೆಯುವ ಅಂಗಡಿಯಲ್ಲಿ ಆಗುವ ಕೆಲಸವಲ್ಲ, ಯಾಕಂದ್ರೆ ಕಾದ ಟೈಟಾನಿಯಂಗೆ ಗಾಳಿ ತಾಗಿದರೆ ಅದು ಪೆಡಸಾಗುತ್ತದೆ, ಕೊಳವೆಯ ಒಳಗೂ ಹೊರಗೂ ಆರ್ಗಾನ್ ಇರಲೇಬೇಕು.

ಜಾಸ್ತಿ ತಲೆನೋವು ಸೀಟ್‌ಪೋಸ್ಟಿನದು, ಅಂದರೆ ಸೀಟು ಹೊತ್ತು ಫ್ರೇಮಿನೊಳಗೆ ಇಳಿಯುವ ಕೊಳವೆಯದು. ಉಪ್ಪು ನೀರು ಸೇರಿದರೆ ಅಲ್ಯೂಮಿನಿಯಂ ಪೋಸ್ಟ್ ಟೈಟಾನಿಯಂ ಒಳಗೆ ಕಚ್ಚಿಕೊಂಡುಬಿಡುತ್ತದೆ. ಸುಮ್ನೆ ಸುತ್ತಿಗೆ ಎತ್ತಬೇಡಿ. ಪೆನೆಟ್ರೇಟಿಂಗ್ ಆಯಿಲ್ (ಸಂದಿಗೆ ಇಳಿಯುವ ತೆಳು ಎಣ್ಣೆ) ಬಿಟ್ಟು ಒಂದು ರಾತ್ರಿ ಇಡಿ, ಆಮೇಲೆ ಪೋಸ್ಟಿಗೆ ಮೀನಂಗಡಿಯ ಐಸ್ ಕಟ್ಟಿ ತಿರುಗಿಸಿ: ತಂಪಾದಾಗ ಅಲ್ಯೂಮಿನಿಯಂ ಟೈಟಾನಿಯಂಗಿಂತ ಎರಡು ಪಟ್ಟಿಗೂ ಹೆಚ್ಚು ಕುಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ.

ಫ್ರೇಮಿನಲ್ಲಿ ಹಿಂದಿನ ಚಕ್ರ ಕೂರುವ ಜಾಗದ ಅಗಲ ಅಳೆಯಿರಿ. 126 ಮಿ.ಮೀ. ಇದ್ದರೆ ಹಳೆಯ 6 ಅಥವಾ 7 ಸ್ಪೀಡಿನದು (ಸ್ಪೀಡ್ ಅಂದರೆ ಹಿಂದಿನ ಗೇರುಗಳ ಸಂಖ್ಯೆ), 130 ಇದ್ದರೆ 8ರಿಂದ 11 ಸ್ಪೀಡ್ ರಿಮ್ ಬ್ರೇಕ್ ಹಬ್ (ಚಕ್ರದ ನಡುಭಾಗ) ಕೂರುತ್ತದೆ. ಸ್ಟೀಲ್ ಫ್ರೇಮಿನ ಹಾಗೆ ಬಗ್ಗಿಸಿ ಅಗಲ ಮಾಡಲು ಹೋಗಬೇಡಿ. ಟೈಟಾನಿಯಂ ಮತ್ತೆ ತನ್ನ ಜಾಗಕ್ಕೇ ಬರುತ್ತದೆ. ಬಾಟಮ್ ಬ್ರಾಕೆಟ್ ಇಂಗ್ಲಿಷ್ ತ್ರೆಡ್ (ಒಂದು ಬಗೆಯ ತಿರುಪು) ಆಗಿದ್ದರೆ ಚೈನ್ ಬದಿಯ ಕಪ್ (ಬೇರಿಂಗ್ ಹಿಡಿಯುವ ತಿರುಪಿನ ಬಳೆ) ಬಿಚ್ಚಲು ಗಡಿಯಾರದ ದಿಕ್ಕಿಗೇ ತಿರುಗಿಸಬೇಕು, ಮರೆಯಬೇಡಿ.

ಜೋಡಿಸುವಾಗ ಎಲ್ಲ ತ್ರೆಡ್‌ಗೂ ಪೋಸ್ಟಿಗೂ ಆಂಟಿ-ಸೀಜ್ ಪೇಸ್ಟ್ (ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಧಾರಾಳವಾಗಿ ಹಚ್ಚಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪೋಸ್ಟ್ ಹೊರತೆಗೆದು ಒರೆಸಿ ಮತ್ತೆ ಹಚ್ಚಿ.