ಹಿಗ್ಗಬೇಕಾ, ಕುಗ್ಗಬೇಕಾ: ಹಳೆ ಫೋರ್ಡಿನ ಒಂದು ಮೂಲೆ ಬಡಿದ ನನ್ನ ಅನುಭವ

ನನ್ನ ಗ್ಯಾರೇಜಿನಲ್ಲಿ 1931ರ ಫೋರ್ಡ್ ಮಾಡೆಲ್ ಎ ರೋಡ್‌ಸ್ಟರ್ (ಗಟ್ಟಿ ಚಾವಣಿ ಇಲ್ಲದ ತೆರೆದ ಕಾರು) ಒಂದರ ಬಾಡಿ ನಿಂತಿದೆ. ಅದರ ಬಲಗಡೆಯ ಹಿಂಭಾಗದ ಮೂಲೆ ನೋಡಿದಾಗಲೆಲ್ಲ ಕೈ ತಾನಾಗೇ ಅಲ್ಲಿಗೆ ಹೋಗುತ್ತದೆ. ಹಿಂಚಕ್ರ ದಾಟಿ ಬಾಡಿ ಡಿಕ್ಕಿಯ ಕಡೆಗೆ ತಿರುಗುವ ಜಾಗ ಅದು. ತಂದಾಗ ಅಲ್ಲಿ ಕೆಳಗಿನ ಆರೇಳು ಇಂಚು ಇರಲೇ ಇಲ್ಲ. ಇದ್ದಷ್ಟೂ ತುಕ್ಕು ಹಿಡಿದು, ಬೆರಳಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಮಣ್ಣು, ನೀರು ಒಳಗೆ ಹೋಗಿ ಅಲ್ಲೇ ಕೂತು ದಶಕಗಳ ಕಾಲ ತಿಂದಿದ್ದವು. ಆ ಮೂಲೆಯನ್ನು ನಾನು ಹೊಸ ತಗಡಿನಲ್ಲಿ, ಕೈಯಿಂದಲೇ ಬಡಿದು ಮಾಡಿದೆ. ಸುಮಾರು ಮೂರು ತಿಂಗಳ ಶನಿವಾರ, ಭಾನುವಾರಗಳು ಹಿಡಿದವು.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ. ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ಸೋದರಮಾವನ ಟಿಂಕರಿಂಗ್ ಶೆಡ್ಡು ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಇತ್ತು. ಅಂಬಾಸಿಡರ್ ಕಾರಿನ ಮಡ್‌ಗಾರ್ಡಿನ ನೆಗ್ಗು ತೆಗೆಯುವ ಸದ್ದು ಕೇಳುತ್ತಲೇ ಬೆಳೆದವನು ನಾನು. ಆದರೆ ಸುತ್ತಿಗೆ ಕೈಗೆ ತೆಗೆದುಕೊಂಡದ್ದು ಇಲ್ಲಿಗೆ ಬಂದು, ನಲವತ್ತು ದಾಟಿದ ಮೇಲೆ.

ಹಾಟ್ ರಾಡ್ ಅಂದರೆ ಏನು ಅಂತ ಊರಿನ ಗೆಳೆಯರು ಕೇಳುತ್ತಾರೆ. 1930, 40ರ ದಶಕದಲ್ಲಿ ಇಲ್ಲಿನ ಹುಡುಗರು ಕಡಿಮೆ ಬೆಲೆಗೆ ಸಿಗುತ್ತಿದ್ದ ಹಳೆ ಫೋರ್ಡ್‌ಗಳನ್ನು ಕೊಂಡು, ಭಾರ ಇಳಿಸಲು ಮಡ್‌ಗಾರ್ಡು ಕಿತ್ತು ಹಾಕಿ, ಎಂಜಿನ್ನಿನ ಶಕ್ತಿ ಹೆಚ್ಚಿಸಿ, ಮುರಾಕ್, ಎಲ್ ಮಿರಾಜ್ ಅನ್ನುವ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಆ ಓಟಗಳ ವೇಗ ಅಳೆಯಲು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. 1932ರಲ್ಲಿ ಫೋರ್ಡ್ ತಂದ ಫ್ಲ್ಯಾಟ್‌ಹೆಡ್ ವಿ8 ಅನ್ನುವ ಎಂಟು ಸಿಲಿಂಡರಿನ ಎಂಜಿನ್ ಈ ಹುಡುಗರ ಕೈಗೆ ಸಿಕ್ಕಿದ್ದೇ ತಡ, ಅದನ್ನು ಹಗುರವಾದ ಮಾಡೆಲ್ ಎ ಬಾಡಿಯ ಮುಂದೆ ಕೂರಿಸಿದರು. ಆ ಕಾಲದ ರೀತಿಯಲ್ಲೇ, ಆ ಕಾಲದ ಭಾಗಗಳಿಂದ ಕಟ್ಟುವುದನ್ನು ಈಗ ಟ್ರೆಡಿಷನಲ್ ಹಾಟ್ ರಾಡ್ ಅನ್ನುತ್ತಾರೆ. ನನ್ನದು ಆ ದಾರಿಯದು.

ಮಾಡೆಲ್ ಎ ಗೆ ಒತ್ತು ಯಂತ್ರದಲ್ಲಿ ಮಾಡಿದ ತುಂಡುಗಳು ಸಿಗುತ್ತವೆ. ನಾನೂ ಒಂದು ತರಿಸಿದ್ದೆ. ಹಿಡಿದು ನೋಡಿದರೆ ತಿರುವು ಬೇರೆ. ನನ್ನ ಬಾಡಿ ತೊಂಬತ್ತು ವರ್ಷದಲ್ಲಿ ಎಲ್ಲೆಲ್ಲೋ ಗುದ್ದಿಸಿಕೊಂಡು ತನ್ನದೇ ಆಕಾರಕ್ಕೆ ಬಂದಿತ್ತು. ಮೇಲಿನ ಅಂಚು ಕೂಡಿಸಿದರೆ ಕೆಳಗೆ ಕಾಲು ಇಂಚು ಸಂದು. ಪುಟ್ಟಿ ಮೆತ್ತಿ ಮುಚ್ಚಬಹುದಿತ್ತು. ಮನಸ್ಸು ಒಪ್ಪಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಎಂಬತ್ತರ ಹತ್ತಿರ ವಯಸ್ಸು. ಬದುಕೆಲ್ಲ ಕಾರಿನ ಬಾಡಿ ಕೆಲಸ ಮಾಡಿದವರು. ಅವರ ತಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಲಾಸ್ ಏಂಜಲೀಸ್ ಕಡೆಯ ವಿಮಾನ ಕಾರ್ಖಾನೆಯಲ್ಲಿ ತಗಡು ಬಡಿಯುತ್ತಿದ್ದರಂತೆ. ಅವರು ನನಗೆ ಮೊದಲು ಹೇಳಿದ್ದು ಒಂದೇ ಮಾತು: "ಪ್ರತಿ ಏಟಿಗೂ ಮುಂಚೆ ಕೇಳಿಕೋ. ಇಲ್ಲಿ ತಗಡು ಹಿಗ್ಗಬೇಕಾ, ಕುಗ್ಗಬೇಕಾ? ಉತ್ತರ ಗೊತ್ತಿಲ್ಲದಿದ್ದರೆ ಸುತ್ತಿಗೆ ಕೆಳಗಿಡು."

ಇದು ಸ್ವಲ್ಪ ಬಿಡಿಸಿ ಹೇಳಬೇಕು. ತಗಡನ್ನು ಒಂದೇ ಕಡೆಗೆ ಬಗ್ಗಿಸುವುದು ಸುಲಭ. ಡಬ್ಬದ ಮೈ ಹಾಗೆ ಸುತ್ತಿದರೆ ಆಯಿತು. ಎರಡು ಕಡೆಗೂ ತಿರುವು ಬೇಕು ಅಂದಾಗ ಬರೀ ಬಗ್ಗಿಸಿದರೆ ಆಗುವುದಿಲ್ಲ. ನಡುವಿನ ತಗಡು ತೆಳುವಾಗಿ ಹರಡಬೇಕು, ಇಲ್ಲವೇ ಅಂಚಿನ ತಗಡು ಒತ್ತಿಕೊಂಡು ದಪ್ಪವಾಗಬೇಕು. ನಮ್ಮ ಬಚ್ಚಲ ಮನೆಯ ತಾಮ್ರದ ಹಂಡೆ ನೆನಪಿದೆಯಲ್ವಾ? ಮೈತುಂಬ ಸುತ್ತಿಗೆಯ ಗುರುತು. ಆ ಒಂದೊಂದು ಗುರುತೂ ತಾಮ್ರವನ್ನು ಒಂದಿಷ್ಟು ಸರಿಸಿದ್ದಕ್ಕೇ ಹಂಡೆಗೆ ಹೊಟ್ಟೆ ಬಂದದ್ದು.

ಎಲ್ಲಿ ಹಿಗ್ಗಬೇಕು, ಎಲ್ಲಿ ಕುಗ್ಗಬೇಕು ಅಂತ ತಿಳಿಯಲು ಅವರು ಕಾಗದ ತರಿಸಿದರು. ಪುಣ್ಯಕ್ಕೆ ಎಡಗಡೆಯ ಮೂಲೆ ಚೆನ್ನಾಗಿತ್ತು. ಅದರ ಮೇಲೆ ದಪ್ಪ ಕಾಗದ ಹರಡಿ, ಆಯಸ್ಕಾಂತ ಇಟ್ಟು, ಅಂಗೈಯಿಂದ ಸವರಿದೆ. ಮೂಲೆಯ ಸುತ್ತ ಅಂಚಿನಲ್ಲಿ ಕಾಗದ ನೆರಿಗೆ ನೆರಿಗೆಯಾಗಿ ಎದ್ದಿತು. ಅಂದರೆ ಅಲ್ಲಿ ಜಾಸ್ತಿ ಇದೆ, ತಗಡು ಕುಗ್ಗಬೇಕು. ಚಕ್ರದ ಕಮಾನಿನ ಹತ್ತಿರ ಹೊರಕ್ಕೆ ತಿರುಗುವ ಅಂಚಿನಲ್ಲಿ ಕಾಗದ ಸಾಲದೆ ಕತ್ತರಿಯಿಂದ ಸೀಳಬೇಕಾಯಿತು. ಸೀಳು ಬಾಯಿ ಬಿಟ್ಟಷ್ಟು ಅಲ್ಲಿ ತಗಡು ಹಿಗ್ಗಬೇಕು.

ಆಮೇಲೆ ಟೇಪಿನ ಮಾದರಿ. ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾದದ್ದು ಇದೇ. ಎಡಮೂಲೆಯ ಮೇಲೆ ಮೊದಲು ಸುಲಭವಾಗಿ ಬಿಡುವ ಅಂಟಿನ ಟೇಪು ಒಂದು ಪದರ. ಅದರ ಮೇಲೆ ನೂಲಿನ ಎಳೆ ಇರುವ ಗಟ್ಟಿ ಟೇಪು, ಅಡ್ಡಕ್ಕೊಂದು ಉದ್ದಕ್ಕೊಂದು ಪದರ. ಮೆಲ್ಲಗೆ ಬಿಡಿಸಿ ತೆಗೆದು, ಅಂಟಿರುವ ಮೈಗೆ ಟಾಲ್ಕಂ ಪೌಡರ್ ಬಳಿದೆ. ಕೈಯಲ್ಲಿ ಚರ್ಮದಂತಹ ಒಂದು ಮೃದು ಚಿಪ್ಪು ಬಂತು. ಎಡಗೈಯ ರಬ್ಬರ್ ಕೈಗವಸನ್ನು ಒಳಮೈ ಹೊರಗೆ ಮಾಡಿ ತಿರುವಿದರೆ ಬಲಗೈಗೆ ಆಗುತ್ತದಲ್ಲ, ಇದೂ ಹಾಗೇ. ತಿರುವಿದ ಕೂಡಲೇ ಬಲಮೂಲೆಯ ಮಾದರಿ ಸಿದ್ಧ. ಇನ್ನು ಅದನ್ನು ತಗಡಿನ ಮೇಲೆ ಹೊದಿಸಿ ನೋಡುತ್ತಾ ಹೋದರೆ ಸರಿ. ಮಾದರಿ ಸಡಿಲವಾಗಿ ನಿಂತ ಕಡೆ ತಗಡು ಇನ್ನೂ ಹಿಗ್ಗಬೇಕು. ಬಿಗಿಯಾಗಿ ಹಿಡಿದ ಕಡೆ ಕುಗ್ಗಬೇಕು.

ಒಳ್ಳೆಯ ಜಾಗದಲ್ಲಿ ಅಳೆದಾಗ ಬಾಡಿಯ ದಪ್ಪ ಒಂದು ಮಿಲಿಮೀಟರ್ ಹತ್ತಿರ ಬಂತು. ಹಾಗಾಗಿ 19 ಗೇಜಿನ ಕೋಲ್ಡ್ ರೋಲ್ಡ್ ಉಕ್ಕಿನ ತಗಡು ತಂದೆ. ಮಾದರಿಗಿಂತ ಸುತ್ತ ಒಂದೂವರೆ ಇಂಚು ಜಾಸ್ತಿ ಬಿಟ್ಟು ಕತ್ತರಿಸಿದೆ. ಅಂಚಿನ ಚೂಪನ್ನು ಅರದಿಂದ ತೀಡಲೇಬೇಕು. ಇಲ್ಲದಿದ್ದರೆ ಬಡಿಯುವಾಗ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ, ಕೈಯೂ ಕುಯ್ಯುತ್ತದೆ.

ಮೊದಲ ಏಟುಗಳು ಮರದ ಕೊಡತಿಯಿಂದ, ಚರ್ಮದ ಚೀಲದ ಮೇಲೆ. ಚೀಲದೊಳಗೆ ಸೀಸದ ಸಣ್ಣ ಗುಂಡುಗಳಿರುತ್ತವೆ. ಏಟು ಬಿದ್ದ ಕಡೆ ಚೀಲ ತಗ್ಗುತ್ತದೆ, ತಗಡೂ ಜೊತೆಗೆ ತಗ್ಗುತ್ತದೆ. ಹತ್ತು ನಿಮಿಷದಲ್ಲಿ ನನ್ನ ಚಪ್ಪಟೆ ತಗಡು ಹಳೆ ಅಕ್ರೋಟಿನ ಸಿಪ್ಪೆಯ ಹಾಗೆ ಗುಂಡಿ ಗುಂಡಿಯಾಯಿತು. ಅಂಚೆಲ್ಲ ಸೀರೆಯ ನೆರಿಗೆಯ ಹಾಗೆ ಎದ್ದು ನಿಂತಿತು. ಕೆಡಿಸಿಬಿಟ್ಟೆ ಅಂದುಕೊಂಡೆ. ಹಿರಿಯರು ಮಾತ್ರ ನೆರಿಗೆ ನೋಡಿ ಖುಷಿಪಟ್ಟರು. "ಅದೇ ನಿನ್ನ ದುಡ್ಡು, ಒಂದನ್ನೂ ಬಿಡಬೇಡ" ಅಂದರು.

ನೆರಿಗೆಯನ್ನು ಮಡಚಿಕೊಳ್ಳಲು ಬಿಡಬಾರದು. ಮರದ ದಿಮ್ಮಿಯಲ್ಲಿ ಒಂದು ತಗ್ಗು ಕೊರೆದು, ಅದರ ಮೇಲೆ ತಗಡಿಟ್ಟು, ಎದ್ದ ನೆರಿಗೆಯನ್ನು ಕೊಡತಿಯಿಂದ ಮೆಲ್ಲ ಮೆಲ್ಲಗೆ ಕೂರಿಸಬೇಕು. ತಗಡಿಗೆ ಹೊರಗೆ ಓಡಲು ಜಾಗ ಸಿಗದೆ ತನ್ನೊಳಗೆ ತಾನೇ ಒತ್ತಿಕೊಳ್ಳುತ್ತದೆ. ಸರಿಯಾಗಿ ಕೂತಾಗ ಸದ್ದು ಬದಲಾಗುತ್ತದೆ. ಸಡಿಲ ತಗಡಿನ ಝಣಝಣ ಹೋಗಿ, ದಪ್ಪನೆಯ 'ಟೊಕ್' ಬರುತ್ತದೆ. ಮರದ ಮೇಲೆ ಮರದ ಏಟು ಬಿದ್ದರೆ ತಗಡು ಕುಗ್ಗುತ್ತದೆ. ಡಾಲಿ ಅನ್ನುವ, ಅಂಗೈಯಲ್ಲಿ ಹಿಡಿಯುವ ಉಕ್ಕಿನ ಗಟ್ಟಿಯನ್ನು ತಗಡಿನ ಹಿಂದೆ ಹಿಡಿದು ಉಕ್ಕಿನ ಸುತ್ತಿಗೆಯಿಂದ ಹೊಡೆದರೆ, ಎರಡರ ನಡುವೆ ಚಪಾತಿ ಹಿಟ್ಟಿನ ಹಾಗೆ ಹರಡಿ ಹಿಗ್ಗುತ್ತದೆ. ಈ ಒಂದು ವ್ಯತ್ಯಾಸ ನನ್ನ ಕೈಗೆ ಹತ್ತಲು ಎರಡು ತುಂಡು ತಗಡು ಹಾಳಾದವು.

ಆಕಾರ ಹತ್ತಿರ ಬಂದ ಮೇಲೆ ಇಂಗ್ಲಿಷ್ ವೀಲ್. ಮೇಲೊಂದು ಚಪ್ಪಟೆ ಗಾಲಿ, ಕೆಳಗೊಂದು ಉಬ್ಬು ಗಾಲಿ, ನಡುವೆ ತಗಡನ್ನು ಹಿಂದೆ ಮುಂದೆ ಆಡಿಸಬೇಕು. ಗುಂಡಿಗಳೆಲ್ಲ ಮಾಯವಾಗಿ ಮೈ ನುಣುಪಾಗುತ್ತದೆ. ಇದರಲ್ಲಿ ಆಸೆ ಜಾಸ್ತಿಯಾಗುವ ಅಪಾಯ ಇದೆ. ಗಾಲಿಯೂ ತಗಡನ್ನು ಹಿಗ್ಗಿಸುತ್ತಲೇ ಇರುತ್ತದೆ. ಒತ್ತಡ ಕಡಿಮೆ ಇಟ್ಟು, ಐದಾರು ಸಾಲಿಗೊಮ್ಮೆ ಹೊರಗೆ ತೆಗೆದು ಮಾದರಿ ಹೊದಿಸಿ ನೋಡುತ್ತಿದ್ದೆ.

ಇಷ್ಟು ಚೆನ್ನಾಗಿ ಬಂದದ್ದನ್ನು ವೆಲ್ಡಿಂಗಿನಲ್ಲಿ ಕೆಡಿಸಿದೆ. ನನ್ನ ಹತ್ತಿರ ಇದ್ದದ್ದು ಮಿಗ್ ಮೆಷಿನ್, ಅಂದರೆ ವಿದ್ಯುತ್ತಿನಿಂದ ತಂತಿ ಕರಗಿಸಿ ಬೆಸೆಯುವಂಥದ್ದು. ಸಂದು ಸರಿಯಾಗಿ ಕೂಡಿದೆ ಅನ್ನುವ ಖುಷಿಯಲ್ಲಿ, ಒಂದೊಂದು ಸಲಕ್ಕೆ ಮೂರು ನಾಲ್ಕು ಇಂಚು ಎಳೆದುಬಿಟ್ಟೆ. ಬೆಸುಗೆ ಆರುವಾಗ ಕುಗ್ಗುತ್ತದೆ. ಕುಗ್ಗಿ ಸುತ್ತಲಿನ ತಗಡನ್ನು ಎಳೆದುಕೊಂಡಿತು. ಸಾಲಿನುದ್ದಕ್ಕೂ ಮೈ ಒಳಕ್ಕೆ ಕೂತಿತು. ಗಾಬರಿಯಲ್ಲಿ ನಾನು ಬೆಸುಗೆಯನ್ನು ಬಿಟ್ಟು ಅದರ ಮೇಲ್ಗಡೆಯ ತಗಡನ್ನು ಬಡಿದೆ. ಆಗ ಅಲ್ಲಿ ತಗಡು ಹಿಗ್ಗಿ, ಹೆಬ್ಬೆರಳು ಒತ್ತಿದರೆ ಡಬ್ಬದ ಮುಚ್ಚಳದ ಹಾಗೆ 'ಟಪ್' ಅಂತ ಒಳಗೆ, ಬಿಟ್ಟರೆ 'ಟಪ್' ಅಂತ ಹೊರಗೆ. ಹಾಳಾದದ್ದು ಹೊಸ ತುಂಡಲ್ಲ, ತೊಂಬತ್ತು ವರ್ಷದ ಮೂಲ ತಗಡು. ಆ ರಾತ್ರಿ ಊಟ ಸೇರಲಿಲ್ಲ.

ಹಿರಿಯರು ಬಂದು ನೋಡಿದರು. ಕುಗ್ಗಿದ್ದು ಬೆಸುಗೆ, ಹಿಗ್ಗಬೇಕಾದದ್ದೂ ಬೆಸುಗೆಯೇ. ಆದರೆ ಮಿಗ್ ಬೆಸುಗೆ ಗಟ್ಟಿ, ಸುತ್ತಿಗೆಗೆ ಬಗ್ಗುವುದಿಲ್ಲ. ಅಷ್ಟನ್ನೂ ಕತ್ತರಿಸಿ ತೆಗೆದೆವು. ಹಾಗೆ ಹೋದ ಅಗಲಕ್ಕೆ ಮೂಲೆಯ ತುಂಡನ್ನೇ ಹೊಸದಾಗಿ ಮಾಡಬೇಕಾಯಿತು. ಎರಡನೇದು ಮೊದಲಿನದಕ್ಕಿಂತ ಬೇಗ ಆಯಿತು, ಚೆನ್ನಾಗೂ ಬಂತು.

ಟಪ್ ಅನ್ನುವ ಜಾಗಕ್ಕೆ ಮದ್ದು ಸಿಕ್ಕಿದ್ದು ದಾವಣಗೆರೆಯಿಂದ. ಮಾವನಿಗೆ ವಿಡಿಯೊ ಕಾಲ್ ಮಾಡಿ, ಒತ್ತಿ ಒತ್ತಿ ಸದ್ದು ಕೇಳಿಸಿದೆ.

"ಲೇ ತಮ್ಮಾ, ಅದನ್ನ ಇನ್ನ ಬಡೀಬೇಡ. ಬಡಿದಷ್ಟೂ ಬೆಳೀತತಿ. ಗ್ಯಾಸ್ ಐತಾ?"

"ಐತಿ ಮಾವ."

"ಉಗುರಿನಷ್ಟು ಜಾಗ ಕೆಂಪಗೆ ಕಾಯಿಸು. ಅದು ತಾನೇ ಉಬ್ಬಿ ಬರತತಿ. ಹಿಂದೆ ಡಾಲಿ ಹಿಡಿದು ಮೆಲ್ಲಗೆ ಕೂರಿಸು. ಕೂರ್ತಿದ್ದಂಗೆ ಒದ್ದೆ ಬಟ್ಟೆ ಒತ್ತಿಬಿಡು."

ಕಾದ ಚುಕ್ಕೆ ಹಿಗ್ಗಲು ನೋಡುತ್ತದೆ. ಸುತ್ತಲಿನ ತಣ್ಣನೆ ತಗಡು ಬಿಡುವುದಿಲ್ಲ. ಹಾಗಾಗಿ ಮೇಲಕ್ಕೆ ಉಬ್ಬಿ ದಪ್ಪವಾಗುತ್ತದೆ. ಆರುವಾಗ ಮೊದಲಿದ್ದ ಅಳತೆಗಿಂತ ಚಿಕ್ಕದಾಗಿ ಸುತ್ತಲಿನದನ್ನು ಬಿಗಿ ಮಾಡುತ್ತದೆ. ನಾನು ನಾಲ್ಕು ಚುಕ್ಕೆ ಹಾಕಿದೆ. ಒಂದು ಹಾಕಿ, ಪೂರ್ತಿ ಆರಲು ಬಿಟ್ಟು, ಹೆಬ್ಬೆರಳಲ್ಲಿ ಒತ್ತಿ ನೋಡಿ, ಆಮೇಲೆ ಇನ್ನೊಂದು. ನಾಲ್ಕನೇದಕ್ಕೆ ಸದ್ದು ನಿಂತಿತು. ಫೋನಿನ ಆ ಕಡೆ ಮಾವ "ಸಾಕು, ಮುಟ್ಟಬೇಡ" ಅಂದರು. ಹಿರಿಯರು ಪಕ್ಕದಲ್ಲೇ ಇದ್ದರು. ಭಾಷೆ ಬಾರದಿದ್ದರೂ ಒದ್ದೆ ಬಟ್ಟೆ ನೋಡಿ ತಲೆಯಾಡಿಸಿದರು. ತಾವೂ ಹಾಗೇ ಮಾಡುತ್ತಿದ್ದರಂತೆ.

ಎರಡನೇ ಸಲ ಗ್ಯಾಸ್ ವೆಲ್ಡಿಂಗ್. ಎರಡು ಅಂಚುಗಳ ನಡುವೆ ಕೂದಲೂ ಹೋಗದ ಹಾಗೆ ಅರದಿಂದ ತೀಡಿ ಕೂಡಿಸಿದೆ. ಸಂದನ್ನು ಚಪ್ಪಟೆ ಜಾಗದ ಮಧ್ಯೆ ಬರದಂತೆ, ತಿರುವು ಇರುವ ಕಡೆಗೆ ಇಳಿಸಿದೆ. ತಿರುವಿನ ತಗಡು ಬಿಸಿಗೆ ಅಷ್ಟು ಸುಲಭವಾಗಿ ಸೊಟ್ಟಗಾಗುವುದಿಲ್ಲ. ಹಿಂದಿನಿಂದ ಡಾಲಿ ಹಿಡಿಯಲು ಕೈ ಹೋಗುತ್ತದಾ ಅಂತಲೂ ಮೊದಲೇ ನೋಡಿಕೊಂಡೆ. ಇಂಚಿಗೊಂದರಂತೆ ಟ್ಯಾಕ್ (ಚುಕ್ಕೆಯಷ್ಟು ಬೆಸುಗೆ) ಹಾಕಿ, ಪ್ರತಿ ಟ್ಯಾಕನ್ನೂ ತಟ್ಟಿ ಮಟ್ಟ ಮಾಡಿ, ಆಮೇಲೆ ಬೆಸುಗೆ ಎಳೆದೆ. ಗ್ಯಾಸಿನ ಬೆಸುಗೆ ಮೃದು. ಡಾಲಿ ಹಿಂದೆ ಇಟ್ಟು ಸಾಲಿನುದ್ದಕ್ಕೂ ಬಡಿಯುತ್ತಾ ಹೋದಂತೆ, ಒಳಗೆ ಕೂತಿದ್ದ ಮೈ ಕಣ್ಣೆದುರೇ ಮೇಲೆ ಬಂತು. ಅದನ್ನು ನೋಡುವಾಗ ಆದ ಸಂತೋಷ ಹೇಳಲು ಬರುವುದಿಲ್ಲ.

ಉಳಿದದ್ದು ಅರದ ಕೆಲಸ. ಬಾಗಿದ ಹಲ್ಲಿನ ಅಗಲ ಅರವನ್ನು ಮೇಲೆ ಹಗುರವಾಗಿ ಎಳೆದರೆ, ಎತ್ತರದ ಜಾಗ ಹೊಳೆಯುತ್ತದೆ, ತಗ್ಗು ಕಪ್ಪಗೇ ಉಳಿಯುತ್ತದೆ. ಕಪ್ಪಗೆ ಉಳಿದದ್ದನ್ನು ಹಿಂದಿನಿಂದ ಎತ್ತಬೇಕು. ಅರದಿಂದ ಉಜ್ಜಿ ಸರಿ ಮಾಡಲು ಹೋದರೆ ತಗಡು ತೂತಾಗುತ್ತದೆ. ಕಣ್ಣಿಗಿಂತ ಅಂಗೈ ಮೇಲು. ತೆಳು ಹತ್ತಿ ಬಟ್ಟೆ ನಡುವೆ ಇಟ್ಟು ಉದ್ದಕ್ಕೆ ಸವರಿದರೆ, ಕಣ್ಣಿಗೆ ಕಾಣದ ತಗ್ಗು ಕೈಗೆ ಸಿಗುತ್ತದೆ. ಒಂದೇ ಒಂದು ಕಡೆ, ಒಳಗಿನ ಕಂಬಿ ಅಡ್ಡ ಬಂದು ಡಾಲಿ ಹೋಗಲಿಲ್ಲ. ಅಲ್ಲಿ ಹಳೆಯ ಕಾಲದವರ ಹಾಗೆ ಸೀಸ ತುಂಬಿದೆ. 70 ಪಾಲು ಸೀಸ, 30 ಪಾಲು ತವರ. 183 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕರಗಿ ನೀರಾಗುವ ಮುಂಚೆ ಸ್ವಲ್ಪ ಹೊತ್ತು ಬೆಣ್ಣೆಯ ಹದದಲ್ಲಿರುತ್ತದೆ. ಆಗ ಮರದ ಹಲಗೆಯಿಂದ ಸವರಬೇಕು. ಸೀಸವನ್ನು ಗ್ರೈಂಡರ್ ಹಾಕಿ ಉಜ್ಜಬೇಡಿ, ಅದರ ಪುಡಿ ವಿಷ. ಅರದಿಂದಲೇ ತೆಗೆಯಿರಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಬಡಿಯುವಾಗ ಕಿವಿಗೂ ಏನಾದರೂ ಹಾಕಿಕೊಳ್ಳಿ. ಮಾವನಿಗೆ ಈಗ ಎಡಗಿವಿ ಸರಿಯಾಗಿ ಕೇಳುವುದಿಲ್ಲ.

ಮೂಲೆಗೆ ಇನ್ನೂ ಬಣ್ಣ ಹಚ್ಚಿಲ್ಲ. ತುಕ್ಕು ಬರದಿರಲೆಂದು ಎಣ್ಣೆ ಒರೆಸಿಟ್ಟಿದ್ದೇನೆ. ಒಳಮೈಯ ಸುತ್ತಿಗೆ ಗುರುತುಗಳನ್ನು ಹಾಗೇ ಬಿಟ್ಟಿದ್ದೇನೆ. ಮುಂದಿನದು ಬಾನೆಟ್. ಮುಂದೆ 1932ರ ಗ್ರಿಲ್ ಕೂರಿಸುತ್ತಿರುವುದರಿಂದ ಮಾಡೆಲ್ ಎ ಬಾನೆಟ್ ಅದಕ್ಕೆ ಹೊಂದುವುದಿಲ್ಲ, ಹೊಸದಾಗಿ ಮಾಡಲೇಬೇಕು. ಅದು ಅಲ್ಯೂಮಿನಿಯಂನಲ್ಲಿ. ಬಡಿದಂತೆ ಗಟ್ಟಿಯಾಗುವ ಲೋಹ ಅದು, ನಡುನಡುವೆ ಕಾಯಿಸಿ ಮೆದು ಮಾಡಬೇಕು. ಅಸಿಟಲೀನ್ ಉರಿಯಿಂದ ಮೈಗೆಲ್ಲ ಮಸಿ ಹಿಡಿಸಿ, ಆಮೇಲೆ ಆಕ್ಸಿಜನ್ ಸೇರಿಸಿದ ಉರಿಯಲ್ಲಿ ಆ ಮಸಿ ಹಾರಿಹೋಗುವಷ್ಟು ಕಾಯಿಸಿದರೆ ಹದ ಬಂತು ಅಂತ ಲೆಕ್ಕ. ಮೊನ್ನೆ ಒಂದು ಚೂರಿನ ಮೇಲೆ ಮಾಡಿ ನೋಡಿದೆ. ಮಸಿ ಹೋದ ಜಾಗ ಬೆರಳಿಗೆ ಬಗ್ಗಿತು. ಪೂರ್ತಿ ಹಾಳೆ ಗೋಡೆಗೆ ಒರಗಿಸಿಟ್ಟಿದೆ, ಕಾಗದದ ಮಾದರಿ ಅದರ ಮೇಲೆ ಅಂಟಿಸಿದ್ದೇನೆ. ಈ ಶನಿವಾರ ಹಿರಿಯರು ಬರುತ್ತಾರೆ.